ಹಿಮದ ಮೇಲೆ ಅಪ್ಪನ ಕಂಬಳಿ

ಅಣ್ಣಾ,

ಸ್ವೀಡನ್ನಿನ ಉಣ್ಣೆ ಮೇಳಕ್ಕೆ ಸುಖವಾಗಿ ಬಂದು ಸೇರಿದೆ. ಇಲ್ಲಿ ನಡುಹಗಲಿನ ಬೆಳಕೂ ನೀರು ಮಜ್ಜಿಗೆಯಂತೆ ತೆಳ್ಳಗಿದೆ. ಹೆಜ್ಜೆಯ ಸದ್ದು ಹಿಮದೊಳಗೆ ಹೋಗಿ ಮಲಗುತ್ತದೆ. ನಡೆಯುತ್ತಿದ್ದರೂ ಕನಸಿನಲ್ಲಿದ್ದಂತೆ. ನಮ್ಮ ರಾಮಗಿರಿಯ ಕರಿಕುರಿಗಳ ಬಣ್ಣ ಇಲ್ಲಿನ ಇಡೀ ಊರಲ್ಲಿ ನನ್ನ ಹೆಗಲ ಮೇಲೆ ಮಾತ್ರ ಇತ್ತು, ಅಪ್ಪ ಕೊನೆಯದಾಗಿ ನೇಯ್ದ ಕಂಬಳಿ.

ನಿನ್ನೆ ಕೆರೆಯ ದಂಡೆಯಲ್ಲಿ ಒಬ್ಬ ಸತ್ತು ಬಿದ್ದಿದ್ದ. ಸುತ್ತ ಜನ ಸುಮ್ಮನೆ ನಿಂತಿದ್ದರು. ಹೆಣವನ್ನು ಹಾಗೆ ಬಯಲಿಗೆ ಬಿಡಲು ಮನಸ್ಸಾಗದೆ, ನಮ್ಮಲ್ಲಿ ಮಾಡುವಂತೆ ಕಂಬಳಿ ಹೊದಿಸಿ ಕೈಮುಗಿದೆ. ನನ್ನ ಜೊತೆ ದುರ್ಗದಿಂದ ಬಂದಿರುವ ಶಬನಾ ಓಡಿ ಬಂದಳು. “ಅಕ್ಕ, ಇದು ಸಿನಿಮಾ ಶೂಟಿಂಗು. ಅವ್ನು ಸತ್ತಿಲ್ಲ, ಚಳಿಗೆ ನಡುಗ್ತಾ ಅವ್ನೆ ನೋಡು.”

ಲಕ್ಷಗಟ್ಟಲೆ ಮಾರಾಟವಾದ ಕೊಲೆಯ ಕಾದಂಬರಿಯೊಂದನ್ನು ಸಿನಿಮಾ ಮಾಡುತ್ತಿದ್ದಾರಂತೆ. ನಿರ್ದೇಶಕಿ ನನ್ನನ್ನು ಬೈಯಲಿಲ್ಲ. “ಕಾದಂಬರಿಯಾಗೆ ಅವ್ನಿಗೆ ಯಾರೂ ಏನೂ ಹೊದಿಸಿಲ್ಲಂತೆ ಅಕ್ಕ. ಈಗ ಹೊದಿಸಿದ್ದು ಹಂಗೇ ಇರ್ಲಿ ಅಂತಾಳೆ” ಎಂದಳು ಶಬನಾ.

ಸಂಜೆ ಆ ಹೆಣವೇ ಎದ್ದು ಕಾಫಿ ಕುಡಿದು, ಕಂಬಳಿ ಮಡಚಿ ತಂದುಕೊಟ್ಟಿತು. ಹೆಣಕ್ಕೆ ಹೊದಿಸಿದ್ದನ್ನು ನಾವು ಮನೆಗೆ ತರುವುದಿಲ್ಲವಲ್ಲ, ಅವನಿಗೇ ಬಿಟ್ಟು ಬಂದೆ. ಸಿಟ್ಟಾಗಬೇಡ. ಶಬನಾ ಕೊಟ್ಟ ಸ್ವೆಟರು ಬೆಚ್ಚಗಿದೆ, ಮಂಡಿನೋವೂ ಇಳಿದಿದೆ.

ಕಾರ್ಡಿನಲ್ಲಿ ಜಾಗವಿಲ್ಲ. ಈ ಸಿನಿಮಾ ನಿನ್ನ ಫೋನಿಗೆ ಬಂದರೆ ಕೊಂದವರು ಯಾರೆಂದು ಹುಡುಕುತ್ತ ಕೂರಬೇಡ. ಕಂಬಳಿಯ ಅಂಚು ನೋಡು. ಅವ್ವ ಹಾಕಿದ ಕೆಂಪು ಹೊಲಿಗೆ ಕಾಣುತ್ತದೆ.

ತಿಪ್ಪಕ್ಕ