ವಾಟವಿಲ್ಲದ ಮೇಜು

ಶ್ರೀ ವೆಂಕಟರಮಣಾಯ ನಮಃ

ಸೇಡಂ
ವಿಶ್ವಾವಸು ಸಂವತ್ಸರ, ಮಾರ್ಗಶಿರ ಶುದ್ಧ ದ್ವಾದಶಿ, ಮಂಗಳವಾರ
೨–೧೨–೨೦೨೫

ಚಿರಂಜೀವಿ ಪ್ರಮಿತಾಳಿಗೆ, ನಿನ್ನ ತಾಯಿಯು ದ್ವಾದಶಿಯ ಪಾರಣೆ ಮುಗಿಸಿ, ತುಳಸಿಯ ಸನ್ನಿಧಿಯಲ್ಲಿ ಕುಳಿತು, ಮನಸಾರೆ ಹರಸಿ ಬರೆಯುವುದೇನೆಂದರೆ:

ಹದಿನೈದು ದಿನಗಳ ಹಿಂದೆ ನೀನು ಪುಣೆಯಿಂದ ದೂರವಾಣಿಯಲ್ಲಿ ಆಡಿದ ಮಾತು ಯಾವ ನಿರ್ಜಲ ಏಕಾದಶಿಗಿಂತಲೂ ಹೆಚ್ಚಾಗಿ ನನ್ನನ್ನು ಬಳಲಿಸಿತು. "ಸಾಕಾಗ್ಯಾದಮ್ಮಾ, ನನ್ನ ಕಣ್ಣಾಗೇ ದೋಷ ಅದ. ಈ ಸಲ ಆಯ್ಕೆ ಪಂದ್ಯಕ್ಕ ಹೆಸರು ಕೊಡಂಗಿಲ್ಲ. ಸ್ನೂಕರ್ ಬಿಟ್ಟೆ" ಎಂದೆ. ಹೆಸರು ಕೊಡಲು ಬರುವ ಶನಿವಾರವೇ ಕಡೆಯ ದಿನವೆಂದೂ ನೀನೇ ತಿಳಿಸಿದೆ. ಅದಕ್ಕೆ ಈಗ ನನ್ನಲ್ಲಿ ಉತ್ತರವಿದೆ. ದೂರವಾಣಿಯಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕುವೆಯಾದ್ದರಿಂದ, ಬರೆದು ಕೊರಿಯರಿನಲ್ಲಿ ಕಳುಹಿಸುತ್ತಿದ್ದೇನೆ.

ನೀನು ನಡೆದು ಬಂದ ದಾರಿಯನ್ನು ನಾನು ಬಲ್ಲೆ. ನಾನು ಶಹಾಬಾದಿನಲ್ಲಿ ಸಂಸ್ಕೃತ ಅಧ್ಯಾಪಕಿಯಾಗಿದ್ದ ದಿನಗಳಲ್ಲಿ, ಗುಲಾಮ ದಸ್ತಗೀರ ಸಾಹೇಬರ ಕ್ಲಬ್ಬಿನ ಮೇಜಿನ ಅಂಚಿಗೆ ಗದ್ದ ತಾಕುವ ವಯಸ್ಸಿನಲ್ಲೇ ಕೋಲು ಹಿಡಿದೆ. ಅಲ್ಲಿ ಎಲ್ಲರನ್ನೂ ಗೆದ್ದ ನೀನು ಪುಣೆಗೆ ಹೋದೊಡನೆ ಎಲ್ಲರಿಗೂ ಸೋತೆ. ನೀನು ಹೊಡೆದ ಚೆಂಡು ಗುರಿಯಿಂದ ಕೂದಲೆಳೆಯಷ್ಟು ಎಡಕ್ಕೆ ಸರಿಯುತ್ತಿತ್ತು. ತರಬೇತುದಾರರು ಅದನ್ನು ತಿದ್ದಿದರು. ನೀನು ರಾಜ್ಯದ ಚಾಂಪಿಯನ್ ಆದೆ, ದೇಶದ ಪರವಾಗಿ ಆಡಿದೆ. ಚಿತ್ತಾಪುರದ ನಿನ್ನ ಸೋದರಮಾವ ಗುರುರಾಜನು ಓಣಿಗೆಲ್ಲ ಪೇಢೆ ಹಂಚಿದನು. ಆ ಮೇಲೆ ಬಂತು ರಾಷ್ಟ್ರೀಯ ಫೈನಲ್ಲಿನ, ಗೆಲುವನ್ನು ತೀರ್ಮಾನಿಸುವ ಕೊನೆಯ ಕಪ್ಪು ಚೆಂಡು. ಅದು ಮತ್ತೆ ಎಡಕ್ಕೇ ಹೋಯಿತು. ಅಂದಿನಿಂದ ಎರಡು ವರ್ಷ ಸೋಲಿನ ಮೇಲೆ ಸೋಲು. ಶ್ರೇಯಾಂಕ ಜಾರಿತು, ಪ್ರಾಯೋಜಕರು ಮುಖ ತಿರುಗಿಸಿದರು. ಪಂದ್ಯ ಬಿಗಿಯಾದಾಗಲೆಲ್ಲ ಮರಳಿ ಬರುವ ಆ ಓರೆಯನ್ನು ನೀನು ಹುಟ್ಟಿನಿಂದಲೇ ಬಂದ ದೋಷವೆಂದು ನಂಬಿದೆ.

ಮಗಳೇ, ನಿನ್ನ ಕಣ್ಣು ನಿರ್ದೋಷವಾಗಿದೆ. ಓರೆಯಿದ್ದುದು ಆ ಮೇಜಿನಲ್ಲಿ.

ಕಳೆದ ವಾರ ದಸ್ತಗೀರ ಸಾಹೇಬರ ಪತ್ನಿ ಹಮೀದಾಬೇಗಂ ಕರೆದರೆಂದು ಶಹಾಬಾದಿಗೆ ಹೋಗಿದ್ದೆ. ಹಸಿರು ಬಟ್ಟೆಯನ್ನು ಬದಲಿಸಲೆಂದು ಮೇಜನ್ನು ಬಿಚ್ಚಿದ್ದರು. ಬಟ್ಟೆಯ ಕೆಳಗೆ ಹಾಸುವ ಪರದೇಶದ ಸ್ಲೇಟುಕಲ್ಲಿನ ಬದಲಿಗೆ ಸಾಹೇಬರು ಅಲ್ಲಿ ಊರ ಕಲ್ಲನ್ನೇ ಹಾಸಿಸಿದ್ದುದು ನಿನಗೆ ಗೊತ್ತು. ಆದರೆ ಆ ಬರಿಗಲ್ಲಿನ ಮೇಲೆ ಮಟ್ಟ ನೋಡುವ ಸಾಧನವನ್ನು ಇಟ್ಟಾಗ, ಅದರೊಳಗಿನ ಗುಳ್ಳೆ ನಡುವೆ ನಿಲ್ಲದೆ ಓಡಿತು. ಆಟ ಆರಂಭಿಸುವ ತುದಿಯಿಂದ ನೋಡಿದರೆ ಇಡೀ ಮೇಜು ಬಲಗಡೆಯ ಮೂಲೆಗೆ ಇಳಿದಿತ್ತು! ಕಲ್ಲು ಹಾಸಿದ್ದ ಮೇಸ್ತ್ರಿ ಹಾಜಿಮಲಂಗನಿಗೆ ಕರೆ ಹೋಯಿತು.

"ಇದೇನಪಾ ಹಾಜಿ, ಮೇಜಿಗಿ ವಾಟ ಬಿಟ್ಟೀದಿ?" ಎಂದರು ಸಾಹೇಬರು. ಸ್ನಾನದ ಮನೆಯ ನೆಲಕ್ಕೆ ನೀರು ಹರಿಯಲೆಂದು ಕೊಡುವ ಇಳಿಜಾರನ್ನೇ ಅವರು ಹೇಳಿದ್ದು.

"ಬಿಡಬ್ಯಾಡೇನ್ರಿ ಮತ್ತ? ಜಲ್ಮ ಪೂರಾ ಮನಿ ನೆಲಕ್ಕ ಫರಸಿ ಕಲ್ಲು ಹಾಸೀನಿ. ವಾಟ ಇಲ್ಲಂದ್ರ ನೀರು ನಿಂದರ್ತದ."

"ಸ್ನೂಕರ್ ಮೇಜಿನ ಮ್ಯಾಲ ಯಾವ ನೀರೋ, ಖುದಾ ಕೆ ಬಂದೇ!"

"ಅದು ನನಗ ಹ್ಯಾಂಗ ಗೊತ್ತಾಗಬೇಕ್ರಿ? ಹಾಸಂದ್ರಿ, ಹಾಸಿನಿ. ಇಷ್ಟ ವರ್ಸದಾಗ ಒಂದ ಹನಿ ನಿಂತದೇನು, ಹೇಳ್ರಿ!"

ಹಮೀದಾಬೇಗಂ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಮೊದಲು ನಗು ಬರಲಿಲ್ಲ. ಎದೆ ತುಂಬಿ ಬಂತು. ಬಲಕ್ಕೆ ಇಳಿಯುವ ಕಲ್ಲಿನ ಮೇಲೆ ಚೆಂಡನ್ನು ಕೂದಲೆಳೆಯಷ್ಟು ಎಡಕ್ಕೆ ಹೊಡೆದರೆ ಮಾತ್ರ ಅದು ನೆಟ್ಟಗೆ ಹೋಗಿ ಬೀಳುವುದೆಂದು, ಹೇಳಿಕೊಡುವವರಿಲ್ಲದೆ, ನನ್ನ ಎಳೆಯ ಮಗುವಿನ ಕೈ ತಾನಾಗಿ ಅರಿತುಕೊಂಡಿತ್ತಲ್ಲ! ಭಯವಾದಾಗ ಆ ಕೈ ತನ್ನ ಮೊದಲ ಪಾಠದ ಆಶ್ರಯಕ್ಕೆ ಓಡುತ್ತದೆ, ನಾನು ಗಾಬರಿಯಾದಾಗ ಶುದ್ಧ ಗ್ರಾಂಥಿಕವನ್ನು ಬಿಟ್ಟು ತವರಿನ ಮಾತಿಗೆ ಓಡುವಂತೆ. ಕಾರಣವು ಕಾಣದಿದ್ದಾಗ ಅದು ನಿನಗೆ ಶಾಪದಂತೆ ತೋರಿತು. ಈಗ ಕಾರಣ ತಿಳಿಯಿತು. ಇನ್ನು ಇದು ಅಭ್ಯಾಸದಿಂದ ಅಳಿಯುವ ಒಂದು ರೂಢಿ, ಅಷ್ಟೇ.

ಮೊನ್ನೆ ಭಾನುವಾರದ ಹೊತ್ತಿಗೆ ಮೇಜು ಸಮತಲವಾಗಿ ಸಿದ್ಧವಾಯಿತು, ನಾನೂ ಮತ್ತೆ ಹೋಗಿದ್ದೆ. ಅಂದಿನ ಕೋಲಾಹಲವನ್ನು ನೀನು ನೋಡಬೇಕಿತ್ತು. ಎಷ್ಟೋ ವರ್ಷಗಳಿಂದ ಅಲ್ಲಿಯೇ ಆಡುತ್ತ ಬಂದ ವಾಡಿಯ ರೈಲ್ವೆ ನೌಕರ ಮುಜಾಹಿದ್ ಒಂದು ಚೆಂಡನ್ನೂ ಬೀಳಿಸಲಾರದೆ ಕೋಲನ್ನು ಕೆಳಗಿಟ್ಟನು.

"ಮೇಜು ಖರಾಬ್ ಆಗ್ಯಾದ್ರಿ ಸಾಹೇಬ್ರ! ಚೆಂಡು ಸೀದಾ ಹೊಂಟದ!"

"ಸೀದಾ ಹೋಗದ ಮತ್ತ ಸೊಟ್ಟ ಹೋಗಬೇಕೇನು?"

"ಹೌದ್ರಿ! ನಮಗ ಸೊಟ್ಟೇ ರೂಢಿ ಅದ. ಹಳೀ ವಾಟ ಕೊಡ್ರಿ, ಇಲ್ಲಂದ್ರ ನಾವು ಕೇರಂ ಆಡ್ತೀವಿ."

ಉಳಿದವರೂ ಅವನ ಪಕ್ಷವನ್ನೇ ವಹಿಸಿದರು. ಸಾಹೇಬರು ಕೈಯೆತ್ತಿ ಸುಮ್ಮನಿರಿಸಿ, "ಪ್ರಮಿತಾ ಬರಲಿ, ಆಕಿ ಆಡಿ ಹೇಳಿದಂಗ ಮಾಡ್ತೀನಿ. ಅಲ್ಲೀತನ ಯಾರೂ ಬಾಯಿ ಬಿಡಬ್ಯಾಡ್ರಿ" ಎಂದು ತೀರ್ಪಿತ್ತರು.

ಆಡಲೇಬೇಕೆಂದು ನಾನು ವಿಧಿಸಲಾರೆ. ಆಟದಲ್ಲಿ ಪ್ರೀತಿ ಬತ್ತಿದ್ದರೆ ನಗುನಗುತ್ತ ಬಿಡು, ಅದಕ್ಕೂ ನನ್ನ ಆಶೀರ್ವಾದವುಂಟು. ಆದರೆ ನಿನ್ನಲ್ಲಿಲ್ಲದ ದೋಷವೊಂದನ್ನು ತಲೆಯ ಮೇಲೆ ಹೊತ್ತು ಬಿಡುವುದನ್ನು ನಾನು ಒಪ್ಪೆನು. ಶನಿವಾರಕ್ಕೆ ಮೊದಲು ಇದನ್ನು ಎರಡು ಬಾರಿ ಓದು. ಶ್ರೀಹರಿಯು ನಿನ್ನ ಕೈಯನ್ನೂ ಮನಸ್ಸನ್ನೂ ಸ್ಥಿರವಾಗಿಡಲಿ.

ಸದಾ ನಿನ್ನ ಶ್ರೇಯಸ್ಸನ್ನೇ ಬೇಡುವ
ಅಮ್ಮ,
ಅನಸೂಯಾಬಾಯಿ

ವಿ.ಸೂ.: ಇದನ್ನು ಬರೆಯಬಾರದೆಂದಿದ್ದೆ, ಆದರೆ ಮುಜಾಹಿದ್ ಹೇಗೂ ಊರೆಲ್ಲ ಹೇಳಿಬಿಟ್ಟಿದ್ದಾನೆ. ಭಾನುವಾರ ಹೊಸ ಬಟ್ಟೆಯ ಮೇಲೆ ಮೊದಲ ಹೊಡೆತ ಯಾರದೆಂಬ ವಾದ ಎದ್ದಾಗ, ಹಮೀದಾಬೇಗಂ "ಚಾಂಪಿಯನ್ ತಾಯಿ ನೀವಿದ್ದಾಗ ಇನ್ನ್ಯಾರ್ರಿ, ಹಿಡೀರಿ" ಎಂದು ಕೋಲನ್ನು ನನ್ನ ಕೈಯಲ್ಲಿಟ್ಟರು. ಅದರ ತುದಿಗೆ ಮಡಿಗೆ ಸಲ್ಲದ ಚರ್ಮವಿರುವುದನ್ನು ಬಲ್ಲವಳಾಗಿಯೂ ಹಿಡಿದೆ. ಕೆಂಪು ಚೆಂಡು ಬಿತ್ತು! ಮನೆಗೆ ಬಂದು ತಲೆಯ ಮೇಲೆ ನೀರು ಹಾಕಿಕೊಂಡು ದೇವರ ದೀಪ ಹಚ್ಚಿದೆ. ಸ್ತೋತ್ರದ ನಡುನಡುವೆ ನಗು ತಡೆಯಲಾಗಲಿಲ್ಲ. ಅಲ್ಲಿ ಹೊಡೆದ ಎರಡನೆಯ ಚೆಂಡು ಮಾತ್ರ ತಪ್ಪಿತ್ತು. ಏಕೆಂದು ತೋರಿಸಿಕೊಡುವವರು ಇಲ್ಲಿ ಯಾರೂ ಇಲ್ಲ. ಹೆಸರು ಕೊಟ್ಟು ಬೇಗ ಬಾ.