ಸೀರೆ ಗಾರ್ಡಿನ ಮೇಲೆ ಬಿಳಿ ತೆನೆ

ನವೆಂಬರ್ ೧೪, ಶುಕ್ರವಾರ. ವಾಡಿ.

ತಾಹಿರನ ಗ್ಯಾರೇಜಿನಲ್ಲಿ ಕುಳಿತವರ ನಗು ಇನ್ನೂ ಕಿವಿಯಲ್ಲಿದೆ. ಹಳೆಯ ಮೋಟರ್ ಸೈಕಲ್ಲಿಗೆ ಗಿಳಿಹಸಿರು ಬಣ್ಣ, ಅಗಲದ ಹ್ಯಾಂಡಲ್ ಹಾಕಿಸಿದೆ. ಈ ವಯಸ್ಸಿನಲ್ಲಿ ಯಾಕೆ ಎಂದರು. ಯಾಕೆ ಬೇಡ?

ಹಿಂದಿನ ಚಕ್ರದ ಸೀರೆ ಗಾರ್ಡನ್ನೂ ತಾಹಿರ್ ಬಿಚ್ಚಿದ್ದ. "ಕಾಕಾ, ಇದು ತೆಗದ್ರ ಗಾಡಿ ಭಾಳ ಖಡಕ್ ಕಾಣ್ತದ ನೋಡ್ರಿ," ಎಂದ. ನಿಜ, ಕಾಣುತ್ತಿತ್ತು. ನನಗೂ ಆಸೆಯಾಯಿತು.

ನಮ್ಮಾಕೆ ಯಂಕಮ್ಮ ಎಂದಿನಂತೆ ಒಂದೇ ಕಡೆ ಕಾಲು ಇಳಿಬಿಟ್ಟು ಹಿಂದೆ ಕುಳಿತು ನೋಡಿದಳು. ಇಳಕಲ್ ಸೆರಗು ನೇರವಾಗಿ ಚಕ್ರದ ಕಡ್ಡಿಗಳ ಮೇಲೆ ಜಾರಿತು. ಪುಣ್ಯಕ್ಕೆ ಗಾಡಿ ನಿಂತಿತ್ತು.

"ನಿಮ್ಮ ಶೋಕಿಗಿ ನನ್ನ ಕುತ್ತಿಗಿ ಕೊಡಂಗಿಲ್ರಿ. ತಮ್ಮನ ಮನಿಗಿ ಬಸ್ಸಿನಾಗೇ ಹೋಗ್ತೀನಿ," ಎಂದು ಇಳಿದೇಬಿಟ್ಟಳು.

ಅವಳು ಕೂರದ ಗಾಡಿ ಎಷ್ಟು ಚೆಂದವಿದ್ದರೇನು? ಗಾರ್ಡ್ ಮತ್ತೆ ಹಾಕಿಸಿದೆ. ಆದರೆ ಹಾಗೇ ಬಿಡಲಿಲ್ಲ. ಅವಳ ಸೆರಗನ್ನೇ ನೋಡಿ ನೋಡಿ, ಗಾರ್ಡಿನ ಪಟ್ಟಿಗಳಿಗೆ ಕೆಂಪು ಬಳಿಸಿ, ಮೇಲೆ ಬಿಳಿ ತೆನೆ ಬರೆಸಿದೆ. ಮತ್ತೆ ನಕ್ಕರು.

"ನಗ್ರಿ, ನಗ್ರಿ," ಎಂದಳು ಯಂಕಮ್ಮ. "ನಿಮ್ಮ ಗಾಡಿಗಿ ಸೆರಗ ಅದ ಏನು?"

ಈಗ ಹೆಲ್ಮೆಟ್ ಒರೆಸುತ್ತ ಕುಳಿತಿದ್ದಾಳೆ. ನಾಳೆ ಕಾಳಗಿಗೆ, ಅವಳ ತಮ್ಮನ ಮನೆಗೆ, ಇಬ್ಬರೂ ಗಾಡಿಯಲ್ಲೇ. ಗ್ಯಾರೇಜಿನ ಮುಂದೆ ಬೇಕೆಂದೇ ನಿಧಾನವಾಗಿ ಹೋಗುತ್ತೇನೆ. ಹಾರನ್ ಕೂಡ ಹೊಡೆಯುತ್ತೇನೆ.