ಕೊಡದ ಬಾಯಿಗೆ ಕಟ್ಟಿದ ಹಾಳಿ

ಬಳ್ಳಾರಿ, ಗುರುವಾರ

ಚೋರನೂರಿನಾಗಿರೋ ಅಪ್ಪಗ ಪಂಪಾವತಿಯ ನಮಸ್ಕಾರ.

ಫೋನ್ ಮಾಡಿದ್ರ ನೀ ಸ್ಪೀಕರ್ ಹಾಕಿ ಕಟ್ಟಿ ಮ್ಯಾಲೆ ಕುಂತವರಿಗೆಲ್ಲ ಕೇಳಿಸ್ತಿ. ಅದಕ್ಕ ಬರದೀನಿ. ಒಬ್ಬನೇ ಓದು.

ಯುಗಾದಿಗೆ ಬಂದಾಗ ನಾ ಕೊಟ್ಟ ಬಿಳಿ ಹಾಳಿನ ಕೊಡದ ಬಾಯಿಗೆ ಕಟ್ಟಿ, ಬೋರಿನ ನೀರು ಸೋಸಿ ಓಣಿ ಮಂದಿಗೆಲ್ಲ ಕೊಡಾಕತ್ತಿ ಅಂತ ಅವ್ವ ಹೇಳಿದ್ಲು. ಇವತ್ತೇ ಅದನ್ನ ಬಿಚ್ಚಿಬಿಡು.

ನಮ್ಮ ಮೈಯಾಗಿನ ಒಂದೊಂದು ಜೀವಕೋಶಕ್ಕೂ ತೆಳ್ಳನ ಪೊರಿ ಇರತೈತಿ. ಬೇಕಾದ್ದನ್ನ ಒಳಗ ಬಿಡ್ತೈತಿ, ಬ್ಯಾಡಾದ್ದನ್ನ ತಡೀತೈತಿ. ನೀರು ಸೋಸಾಕ ಅಂಥಾ ಪೊರಿನ ಪ್ಲಾಸ್ಟಿಕ್ಕಿನಂಥಾ ಪಾಲಿಮರ್‌ನಾಗ ಮಾಡೋದು ಇಲ್ಲಿ ಲ್ಯಾಬಿನಾಗ ನನ್ನ ಕೆಲಸ. ನಾಲ್ಕು ವರ್ಷದಾಗ ಉಗುರಿನಷ್ಟು ಅಗಲ ಮಾಡೀನಿ, ಅದೂ ಹತ್ತು ನಿಮಿಷಕ್ಕ ಹರೀತೈತಿ. ನಿನಗ ಕೊಟ್ಟಿದ್ದು ಅದರ ಕೆಳಗ ಹಾಸೋ ಬರೀ ಹಾಳಿ. ಎಲ್ಲಾರ ಮುಂದ ನೀ "ಇದೇ ಏನವ್ವ ನೀ ಮಾಡಿದ್ದು?" ಅಂದಿ. ನಿನ್ನ ಮುಖ ನೋಡಿ ಹೂಂ ಅಂದುಬಿಟ್ಟೆ.

ನೀ ಬಾಟ್ಲಿಯಾಗ ತುಂಬಿ ಕಳಿಸಿದ ಸೋಸಿದ ನೀರು ಪರೀಕ್ಷೆ ಮಾಡೀನಿ. ಸೋಸಿದ ಮ್ಯಾಲೂ ಬೋರಿನ ನೀರಿನಾಗಿದ್ದಷ್ಟೇ ಫ್ಲೋರೈಡ್ ಐತಿ, ಎಲುಬು ಕೀಲು ಕೆಡಿಸೋದು ಅದೇ. ಮೊದಲಿನಂಗ ಕ್ಯಾನ್ ನೀರು ತರಿಸು.

ಮಂದಿ ಕೇಳಿದ್ರ ಹಾಳಿ ಹರೀತು ಅನ್ನಬ್ಯಾಡ, ಇನ್ನೊಂದು ತರಿಸು ಅಂತಾರ. ಮಗಳು ಸುಳ್ಳು ಹೇಳಿದ್ಲು ಅನ್ನು.

ಅವ್ವಗ ಮಾತ್ರ ನೀನೇ ತಿಳಿಸಿ ಹೇಳು. ಆ ನೀರು ಕುಡದ ಮ್ಯಾಲೆ ಮೊಣಕಾಲು ನೋವು ಭಾಳ ಕಡಿಮಿ ಆಗೈತಿ ಅಂತ ನಿನ್ನೆ ಫೋನಿನಾಗ ಅಂದ್ಲು. ಆಕಿಗೂ ಹೂಂ ಅಂದೀನಿ.

ನಿನ್ನ ಮಗಳು
ಪಂಪಾವತಿ